ಬಾಯಿ ಮುಚ್ಚಿಸುವ ಹಸಿರು ವೈರು

ಸಾತಪ್ಪನ ಕಾರಿನ ವಿಷಯದಲ್ಲಿ ಒಬ್ಬ ಹವಾಲ್ದಾರರಿಗೆ, ಕಾಗದದ ಮಿಲ್ಲಿನ ನನ್ನ ಸಾಹೇಬರಿಗೆ ಮತ್ತು ನಮ್ಮ ಕ್ವಾರ್ಟರ್ಸ್ ಲೈನಿನ ಹೆಂಗಸರಿಗೆ ನಾನು ಬೇರೆ ಬೇರೆ ಸಮಯದಲ್ಲಿ ಹೇಳಿಕೆ ಕೊಟ್ಟಿದ್ದೇನೆ. ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ನನ್ನ ಹೆಂಡತಿ ಸತ್ತೆವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಆ ದಿನ ಒತ್ತಿದ ರಿಮೋಟು ನನ್ನದು. ಹಾಗಾಗಿ ಬರೆಯುವ ಹಕ್ಕೂ ನನ್ನದೇ.

ಸಾತಪ್ಪ ನನ್ನ ಪಕ್ಕದ ಮನೆಯವನು. ಸವದತ್ತಿ ಕಡೆಯಿಂದ ದಾಂಡೇಲಿಗೆ ಬಂದು ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ವಿಭಾಗ ಸೇರಿದವನು. ನಿವೃತ್ತರಾದ ಒಬ್ಬ ಸಾಹೇಬರ ಹಳೇ ಬಿಳಿ ಮಾರುತಿ ಕಾರನ್ನು ಕೊಂಡ ದಿನದಿಂದ ಅವನ ನಡಿಗೆಯೇ ಬದಲಾಯಿತು. ಕಾರಿನ ನಡಿಗೆ ಮಾತ್ರ ಬದಲಾಗಲಿಲ್ಲ. ಮೂರನೇ ಗೇರಿನಾಚೆ ಇನ್ನೊಂದು ಗೇರು ಇದೆ ಎಂಬುದನ್ನು ಅವನು ಕೇಳಿ ಬಲ್ಲವನೇ ಹೊರತು ಕಂಡವನಲ್ಲ. ಒಮ್ಮೆ ಗಣೇಶಗುಡಿಗೆ ಹೋಗುವಾಗ ಹಿಂದಿನಿಂದ ಬಂದ ಎತ್ತಿನ ಗಾಡಿಯವನು, "ಸಾಹೇಬ್ರ, ಸ್ವಲ್ಪ ಸೈಡ್ ಕೊಡ್ರಿ" ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇಂಥ ಕಾರಿಗೆ ಕುವೈತಿನಿಂದ ಒಂದು ಯಂತ್ರ ಬಂತು.

ತಂದವನು ಸಾತಪ್ಪನ ಹೆಂಡತಿ ಸಿದ್ದಕ್ಕನ ತಮ್ಮ ದುಂಡಪ್ಪ. ಅಲ್ಲಿ ಯಾವುದೋ ಗ್ಯಾರೇಜಿನಲ್ಲಿ ಕೆಲಸ. ಹೊರದೇಶಗಳಲ್ಲಿ ಪೊಲೀಸರು ಕೈಯಲ್ಲಿ ಗನ್ನಿನಂಥದೊಂದನ್ನು ಹಿಡಿದು, ಓಡುವ ಕಾರಿನ ಮೇಲೆ ಕಣ್ಣಿಗೆ ಕಾಣದ ಲೇಸರ್ ಬೆಳಕು ಬಿಟ್ಟು, ಎಷ್ಟು ಸ್ಪೀಡಿದೆ ಎಂದು ಅಳೆಯುತ್ತಾರಂತೆ. ಆ ಬೆಳಕು ಬಿದ್ದ ಕೂಡಲೇ ಈ ಯಂತ್ರ ಒದರಿ ಡ್ರೈವರನನ್ನು ಎಚ್ಚರಿಸುತ್ತದೆ. ದುಂಡಪ್ಪ ರಜೆಯಲ್ಲಿ ಬಂದಾಗ ಅದನ್ನು ಕಾರಿಗೆ ಕೂಡಿಸಿದ. ಮುಂದಿನ ಬಂಪರಿನಲ್ಲಿ ಎರಡು ಕಪ್ಪು ಕಣ್ಣು, ಒಳಗೊಂದು ಕೆಂಪು ದೀಪದ ಡಬ್ಬಿ. ಒಳಗಷ್ಟೇ ಒದರಿದರೆ ಹೊರಗಿನ ಮಂದಿಗೆ ಹೇಗೆ ಗೊತ್ತಾಗಬೇಕು ಎಂದು ಸಾತಪ್ಪ ಹಟ ಹಿಡಿದದ್ದರಿಂದ ಬಾನೆಟ್ಟಿನ ಕೆಳಗೆ ಒಂದು ಹಳೇ ಸೈರನ್ನನ್ನೂ ಕಟ್ಟಿಕೊಟ್ಟು ದುಂಡಪ್ಪ ವಿಮಾನ ಹತ್ತಿದ.

ಎತ್ತಿನ ಗಾಡಿಗೆ ಸೈಡ್ ಕೊಡುವವನಿಗೆ ಇದೆಲ್ಲ ಯಾಕೆ ಎಂದು ಯಾರೂ ಕೇಳಲಿಲ್ಲ. "ಪೊಲೀಸರು ಒಂದು ಹರದಾರಿ ದೂರ ಇದ್ರೂ ಕಾರು ಗುರ್ತಾ ಹಿಡಿತೈತಿ" ಎಂದು ಅವನು ಹೇಳಿದ್ದನ್ನು ಎಲ್ಲರೂ ನಂಬಿದರು. ಲೈಸೆನ್ಸ್ ಇಲ್ಲದ ಕೆಲವರು ಹಳಿಯಾಳದ ಸಂತೆಗೆ ಇನ್ನು ಮೇಲೆ ಸಾತಪ್ಪನ ಕಾರಿನ ಹಿಂದೆ ಹಿಂದೆಯೇ ಬೈಕು ಬಿಡುವುದೆಂದು ತಮ್ಮ ತಮ್ಮಲ್ಲೇ ಪಾಳಿ ಕೂಡ ಹಚ್ಚಿಕೊಂಡರು.

ಅಷ್ಟರಲ್ಲಿ ಸಾತಪ್ಪನ ಮಗಳು ಮಧುಮತಿಗೆ ಒಂದು ಸಂಬಂಧ ಬಂತು.

ಹುಡುಗ ಮಲ್ಲೇಶ, ಹಳಿಯಾಳದವನು, ಮುಂಡಗೋಡದ ದನದ ದವಾಖಾನೆಯಲ್ಲಿ ಕಾಂಪೌಂಡರು. ಅವನೂ ಅವನ ತಾಯಿಯೂ ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಮಧುಮತಿಯೂ ಒಪ್ಪಿದ್ದಳು. ಹಿಂದೆ ಎರಡು ಕಡೆಯವರು ಬಂದಾಗ ಹಪ್ಪಳದ ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿ ಒಳಗೆ ಹೋದವಳು ಈ ಸಲ ಅವನಿಗೆ ಎರಡನೇ ಸಲ ಚಹಾ ಬೇಕೇ ಎಂದು ಕೇಳಿದಳು. ಅಷ್ಟರಿಂದಲೇ ನಮ್ಮ ಲೈನಿಗೆಲ್ಲ ವಿಷಯ ಗೊತ್ತಾಯಿತು. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹಳಿಯಾಳಕ್ಕೆ ಹೋಗಿ ಗಂಡಿನ ಮನೆ ನೋಡಿ, ಹುಡುಗನ ತಂದೆಯೊಡನೆ ಕೂತು ಮಾತು ಮುಗಿಸುವುದು.

ಹುಡುಗನ ತಂದೆ ಶಿವಲಿಂಗಪ್ಪ ಟ್ರಾಫಿಕ್ ಹವಾಲ್ದಾರರು. ಹೆಲ್ಮೆಟ್ ಹಾಕದ ತಮ್ಮ ಸ್ವಂತ ಮೈದುನನನ್ನೇ ಹಿಡಿದು ದಂಡ ಹಾಕಿದವರೆಂದು ಹೆಸರು. ಮಗನಿಗೆ ಹಿಂದೆ ಗೊತ್ತಾಗಿದ್ದ ಒಂದು ಸಂಬಂಧವನ್ನು, ಹುಡುಗಿಯ ಕಾಕಾ ಸ್ಕೂಟರಿನ ಮೇಲೆ ಮೂವರನ್ನು ಕೂಡ್ರಿಸಿಕೊಂಡು ಬಂದರೆಂದು ಬಾಗಿಲಲ್ಲೇ ಮುರಿದವರು. ಈ ಸಲವೂ ಒಂದೇ ಮಾತು ಹೇಳಿ ಕಳಿಸಿದ್ದರು: "ನಮಗ ಏನೂ ಬ್ಯಾಡ. ಕಾಯ್ದೇಸೀರ ಇರೂ ಮನಿತನಾ ಸಾಕು."

ಇಂಥವರ ಅಂಗಳಕ್ಕೆ ಪೊಲೀಸರನ್ನು ಕಂಡರೆ ಒದರುವ ಕಾರು ಹೋಗಬೇಕಾಗಿತ್ತು.

"ಅಪ್ಪಾ, ಬಸ್ಸಿಗೆ ಹೋಗ್ರಿ. ನಿಮ್ಮ ಕೈ ಮುಗಿತೇನಿ" ಎಂದಳು ಮಧುಮತಿ.

"ಕಾರ್ ತಗೊಂಡು ಬರ್ತೇವಿ ಅಂತ ಫೋನಿನ್ಯಾಗ ಹೇಳಿಬಿಟ್ಟೇನಲ್ಲವ್ವಾ" ಎಂದ ಸಾತಪ್ಪ.

"ಹಂಗಾದ್ರ ಆ ಮಷಿನ್ ಕಿತ್ತಿ ಒಗೀರಿ. ಅದು ಬೀಗರ ಮುಂದ ಒದರಿದ್ರ ನಾ ಈ ಜನ್ಮದಾಗ ಲಗ್ನಾನ ಆಗೂದಿಲ್ಲ."

ಕೀಳಲು ಹೋದರೆ ಅದು ಬರಲಿಲ್ಲ. ದುಂಡಪ್ಪ ಅದರ ಕೆಂಪು ವೈರನ್ನು ಎಲ್ಲಿಗೆ ಕೂಡಿಸಿದ್ದನೋ, ಅದನ್ನು ಬಿಚ್ಚಿದರೆ ಕಾರೇ ಸ್ಟಾರ್ಟ್ ಆಗುತ್ತಿರಲಿಲ್ಲ. ಕುವೈತಿಗೆ ಫೋನ್ ಹೋಯಿತು. ಆ ತುದಿಯಿಂದ ದುಂಡಪ್ಪ ಹೇಳಿದ್ದನ್ನು ಸಾತಪ್ಪ ನಮಗೆಲ್ಲ ಕೇಳುವ ಹಾಗೆ ತಾನೂ ಗಟ್ಟಿಯಾಗಿ ಹೇಳುತ್ತಾ ಹೋದ. "ಹಸಿರು ವೈರ್ ಐತಿ... ಅದು ಬಾಯಿ ಮುಚ್ಚಸೂ ವೈರು... ತುದಿ ಕಾರಿನ ಲೋಹಕ್ಕ ಮುಟ್ಟಸಬೇಕು... ಮುಟ್ಟಿಸಿದ್ರ ಮಷಿನ್ ಗಪ್ಪ... ಪರೀಕ್ಷಾ ಮಾಡಾಕ ಪೊಲೀಸರು ಬೇಕಾಗಿಲ್ಲ... ಟಿವಿ ರಿಮೋಟು ಸಾಕು."

ಈ ಕೊನೆಯ ಮಾತಿಗೆ ಎಲ್ಲರೂ ನನ್ನ ಕಡೆ ತಿರುಗಿದರು.

ಲೈನಿನಲ್ಲಿ ಉಳಿದವರಿಗೆ ರಿಮೋಟು ಇರಲಿಲ್ಲವೆಂದಲ್ಲ. ಇದ್ದವು. ಒಂದಕ್ಕೆ ರಬ್ಬರ್ ಬ್ಯಾಂಡು, ಇನ್ನೊಂದಕ್ಕೆ ಹಿಂದಿನ ಮುಚ್ಚಳವೇ ಇಲ್ಲ. ಕೊಂಡ ದಿನದ ಪ್ಲಾಸ್ಟಿಕ್ ಕವರಿನಲ್ಲೇ ಇವತ್ತಿನವರೆಗೂ ಕೂತಿರುವ ರಿಮೋಟು ನನ್ನದೊಂದೇ. ಅದನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಬೇಕಾದರೆ ನಾನೇ ಬಂದು ಒತ್ತುತ್ತೇನೆಂದೆ.

ಶುಕ್ರವಾರ ಸಂಜೆ ಪರೀಕ್ಷೆ ನಡೆಯಿತು. ಕಾರಿನ ಮುಂದೆ ನಾನು ಕಾಲು ಅಗಲಿಸಿ ನಿಂತೆ. ಒಳಗೆ ಸಾತಪ್ಪ ಹಸಿರು ವೈರು ಹಿಡಿದು ಕೂತ. ಮೊದಲು ವೈರು ಎಲ್ಲಿಗೂ ಮುಟ್ಟಿಸದೆ ಒತ್ತಬೇಕು ಎಂದು ಮಾತಾಗಿತ್ತು. ನಾನು ಐದನೇ ನಂಬರು ಒತ್ತಿದೆ.

ಕಾರು ಕಿರುಚಿತು. ಅದನ್ನು ಹೇಗೆ ಬರೆಯುವುದೆಂದು ನನಗೆ ಈಗಲೂ ತಿಳಿಯದು. ಗಿಡದ ಮೇಲಿನ ಕಾಗೆಗಳೆಲ್ಲ ಎದ್ದು ಕಾಳಿ ನದಿಯ ಆಚೆ ದಡಕ್ಕೆ ಹೋದವು. ಮಿಲ್ಲಿನ ಪಾಳಿಯ ಭೋಂಗಾ ಊದಿತೆಂದು ತಿಳಿದು ಮೂಲೆಮನೆಯ ಪರಶುರಾಮ ಅರ್ಧ ಬೋಳಿಸಿದ ಗಡ್ಡದಲ್ಲೇ ಟಿಫಿನ್ ಡಬ್ಬಿ ಹಿಡಿದು ಡ್ಯೂಟಿಗೆ ಓಡಿದ. ಗೇಟಿನ ತನಕ ಹೋಗಿ ಮರಳಿ ಬಂದವನು ನಮ್ಮಿಬ್ಬರ ಜೊತೆ ಇಂದಿಗೂ ಸರಿಯಾಗಿ ಮಾತಾಡುವುದಿಲ್ಲ.

ಎದುರುಮನೆಯ ಮಾಲವ್ವಾಯಿ ಕೋಲೂರಿಕೊಂಡು ಬಂದಳು. ಲೈನಿಗೆಲ್ಲ ಹಿರಿಯಳು. ಸುಳ್ಳು ಹೇಳುವ ವಯಸ್ಸು ದಾಟಿಹೋಯಿತೆಂದು ತಾನೇ ಹೇಳಿಕೊಳ್ಳುವವಳು.

"ಸಿದ್ದವ್ವಾ, ಶುಭಕಾರ್ಯಕ್ಕ ಹೋಗೂ ಗಾಡಿ ಹಿಂಗ ಅಳಬಾರದವ್ವಾ. ಮಂದಿ ಕಣ್ಣ ಬಿದ್ದೇತಿ. ಮೊದಲ ಅದಕ್ಕ ವಿಭೂತಿ ಹಚ್ಚು" ಎಂದಳು.

ಸಿದ್ದಕ್ಕ ಒಳಗೆ ಹೋಗಿ ವಿಭೂತಿ ಗಟ್ಟಿ ತಂದು, ನೀರಲ್ಲಿ ತೇಯ್ದು, ಬಂಪರಿನ ಎರಡು ಕಪ್ಪು ಕಣ್ಣುಗಳಿಗೂ ದಪ್ಪಗೆ ಬಳಿದಳು. ಮೇಲೆ ಕುಂಕುಮ ಇಟ್ಟಳು. ನಿಂಬೆಹಣ್ಣು ಇಳಿಸಿ ಒಗೆದಳು. ಇದೆಲ್ಲ ಮುಗಿಯುವ ತನಕ ವಿಜ್ಞಾನದ ಕೆಲಸ ನಿಂತಿತ್ತು.

ಈಗ ವೈರಿನ ಸರದಿ. ಕಾರಿನೊಳಗೆ ಲೋಹ ಯಾವುದು ಎಂಬ ಪ್ರಶ್ನೆ ಎದ್ದಿತು. ಸಾತಪ್ಪ ಸುತ್ತ ನೋಡಿದ. ಡ್ಯಾಶ್‌ಬೋರ್ಡಿನ ಮೇಲೆ ಅಂಟು ಹಚ್ಚಿ ಕೂಡ್ರಿಸಿದ್ದ ಹಿತ್ತಾಳೆ ಬಸವಣ್ಣ ಕಂಡ.

"ಶಂಕ್ರಪ್ಪಾ, ಹಿತ್ತಾಳಿ ಲೋಹ ಹೌದಲ್ಲೋ?"

"ಹೌದಲ್ಲೋ ಮತ್ತ. ಪಂಚಲೋಹದಾಗ ಬರತೈತಿ" ಎಂದೆ ನಾನು. ಆ ಬಸವಣ್ಣ ಕೂತಿರುವುದು ಪ್ಲಾಸ್ಟಿಕ್ಕಿನ ಮೇಲೆ, ಅಲ್ಲಿಂದ ಕರೆಂಟು ಎಲ್ಲಿಗೂ ಹೋಗದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸಾತಪ್ಪ ವೈರಿನ ತುದಿಯನ್ನು ಬಸವಣ್ಣನ ಕೊರಳಿಗೆ ಸುತ್ತಿ, "ಒತ್ತೋ!" ಎಂದ.

ಒತ್ತಿದೆ. ಕಾರು ಗಪ್ಪ. ಐದು ಒತ್ತಿದೆ, ಏಳು ಒತ್ತಿದೆ, ಸೌಂಡ್ ಏರಿಸುವ ಗುಂಡಿಯನ್ನೇ ಹಿಡಿದು ನಿಂತೆ. ಕಾರು ಉಸಿರೆತ್ತಲಿಲ್ಲ. ಲೈನಿಗೆ ಲೈನೇ ಚಪ್ಪಾಳೆ ಹೊಡೆಯಿತು. ಸಾತಪ್ಪ ಕೆಳಗಿಳಿದು ನನ್ನ ಕೈ ಕುಲುಕಿದ.

"ಆ ವೈರ್ ಎಲ್ಲೆರ ಮಾರಾಕ ಸಿಗತೈತೇನ್ರಿ ಸಾತಪ್ಪಣ್ಣಾ? ನಮ್ಮ ಮನಿಯವ್ರಿಗೆ ಒಂದ್ ಹಾಕಸಬೇಕಾಗೇತಿ" ಎಂದಳು ನನ್ನ ಸತ್ತೆವ್ವ. ಎಲ್ಲರೂ ಅಗತ್ಯಕ್ಕಿಂತ ಹೆಚ್ಚೇ ನಕ್ಕರು.

ಭಾನುವಾರ ಬೆಳಿಗ್ಗೆ ಹೊರಟೆವು. ಬೀಗರ ಮನೆಗೆ ಹೊಲಸು ಕಾರಿನಲ್ಲಿ ಹೋಗಲಾದೀತೇ ಎಂದು ಸಿದ್ದಕ್ಕ ಎದ್ದ ಕೂಡಲೇ ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ತೆಂಗಿನ ನಾರು ಹಿಡಿದು ಕಾರನ್ನು ತಿಕ್ಕಿ ತೊಳೆದಿದ್ದಳು. ಬಂಪರಿನ ಕಣ್ಣುಗಳನ್ನೂ ಬಿಟ್ಟಿರಲಿಲ್ಲ. ಅವು ಹೊಸ ಬುಗುರಿಯ ಹಾಗೆ ಫಳಫಳ ಹೊಳೆಯುತ್ತಿದ್ದವು.

ಮುಂದೆ ಸಾತಪ್ಪ ಮತ್ತು ನಾನು, ಹಿಂದೆ ಸಿದ್ದಕ್ಕ ಮತ್ತು ಹಿರಿಯಳೆಂದು ಕರೆದುಕೊಂಡ ಮಾಲವ್ವಾಯಿ. ಬಾಗಿಲಲ್ಲಿ ನಿಂತ ಮಧುಮತಿ ನನ್ನ ಕಿಟಕಿಗೆ ಬಗ್ಗಿ, "ಕಾಕಾ, ವೈರ್ ಮ್ಯಾಲ ಲಕ್ಷ್ಯ ಇರ್ಲಿರಿ" ಎಂದಳು. ನಾನು ವೈರಿಗೆ ಇನ್ನೊಂದು ಸುತ್ತು ಹಾಕಿ ತೋರಿಸಿದೆ. ಈ ಹುಡುಗಿಯನ್ನು ನಾನು ಫ್ರಾಕು ಹಾಕಿದಾಗಿನಿಂದ ಬಲ್ಲೆ.

ಹಳಿಯಾಳ ಇನ್ನೇನು ಬಂತು ಎನ್ನುವಾಗ ರಸ್ತೆಯ ಪಕ್ಕ ಒಂದು ಶಾಲೆ, ಮೂವತ್ತಕ್ಕಿಂತ ಹೆಚ್ಚು ಸ್ಪೀಡು ಹೋಗಬಾರದೆಂಬ ಬೋರ್ಡು, ಮುಂದೆ ಒಂದು ಹುಣಸೇಮರ. ಸಾತಪ್ಪ ಇಪ್ಪತ್ತರಲ್ಲಿದ್ದ. ಹುಣಸೇಮರದ ಬುಡ ಕಂಡಿತೋ ಇಲ್ಲವೋ, ಕಾರು ಕಿರುಚಿತು.

ನಾನು ವೈರು ನೋಡಿದೆ. ಬಸವಣ್ಣನ ಕೊರಳಲ್ಲೇ ಇತ್ತು. ಬಿಗಿ ಮಾಡಿದೆ. ಕಿರುಚಿತು. ಬಾಲಕ್ಕೆ ಸುತ್ತಿದೆ, ಕೊಂಬಿಗೆ ಸುತ್ತಿದೆ. ಕಿರುಚುತ್ತಲೇ ಇತ್ತು. ಮರದ ಬುಡದಿಂದ ಖಾಕಿ ಬಟ್ಟೆಯ, ದೊಡ್ಡ ಮೀಸೆಯ ಒಬ್ಬರು ಎದ್ದು ರಸ್ತೆಗೆ ಬಂದರು. ಒಂದು ಕೈಯಲ್ಲಿ ಸೀಟಿ, ಇನ್ನೊಂದು ಕೈಯಲ್ಲಿ ಎರಡು ಗಾಜಿನ ಕಣ್ಣುಗಳ ಒಂದು ಗನ್ನು.

ದುಂಡಪ್ಪ ಹೇಳಿದ್ದ ಆ ಗನ್ನು ಕುವೈತಿನಲ್ಲಷ್ಟೇ ಇದೆಯೆಂದು ನಾವು ನಂಬಿಕೊಂಡಿದ್ದೆವು. ಅದು ಹಳಿಯಾಳಕ್ಕೂ ಬಂದಿತ್ತು. ಕಾರು ನಿಂತಿತು. ಗನ್ನು ಕೆಳಗಿಳಿಯಿತು. ಕಿರುಚಾಟವೂ ನಿಂತಿತು. ಆಗ ನಾನು ಅವರ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದೆ. ಶಿವಲಿಂಗಪ್ಪ.

ಸಾತಪ್ಪನೂ ಓದಿದ. ಅವನ ಮುಖದ ಬಣ್ಣ ಮಿಲ್ಲಿನ ಕಾಗದದ ಬಣ್ಣಕ್ಕೆ ತಿರುಗಿತು.

"ಏನ್ರಿ ಅದು ಒದರಿದ್ದು?" ಎಂದರು ಹವಾಲ್ದಾರರು.

"ರೇಡಿಯೋ ರೀ ಸಾಹೇಬ್ರ" ಎಂದ ಸಾತಪ್ಪ.

"ರಿವರ್ಸ್ ಹಾರನ್ ರೀ" ಎಂದೆ ನಾನೂ ಅದೇ ಹೊತ್ತಿಗೆ.

ಹವಾಲ್ದಾರರು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಹಿಂದಿನ ಕಿಟಕಿಯಿಂದ ಮಾಲವ್ವಾಯಿ ತಲೆ ಹೊರಗೆ ಹಾಕಿದಳು.

"ಎರಡೂ ಸುಳ್ಳ ಯಪ್ಪಾ. ಅದು ಪೊಲೀಸರ ಗನ್ ಕಂಡ್ರ ಒದರೂ ಮಷಿನ್. ಕುವೈತದ್ದು. ನಾವು ಇವತ್ತ ಶಿವಲಿಂಗಪ್ಪ ಹವಾಲ್ದಾರರ ಮನಿ ನೋಡಾಕ ಹೊಂಟೇವಿ. ಅವರ ಮುಂದ ಒದರಬಾರದು ಅಂತ ಬಾಯಿ ಕಟ್ಟಿದ್ವಿ. ಕಟ್ಟು ಬಿಚ್ಚೇತಿ."

ಸಿದ್ದಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಾತಪ್ಪ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಅದು ಹಾರನ್ ಗುಂಡಿಯಾದ್ದರಿಂದ ಇನ್ನೊಂದು ಸಲ ಕಾರು ಒದರಿತು. ನನ್ನ ಕಣ್ಣಿಗೆ ಬಾಗಿಲಲ್ಲಿ ನಿಂತ ಮಧುಮತಿಯೇ ಕಾಣುತ್ತಿದ್ದಳು.

ಆದರೆ ಹವಾಲ್ದಾರರು ಸಿಟ್ಟಾಗಲಿಲ್ಲ. ಅವರ ಮೀಸೆ ನಡುಗುತ್ತಿತ್ತು.

"ಏನಂದಿ ಆಯಿ? ನನ್ನ ಗನ್ ಕಂಡು ಒದರಿತಾ? ಖರೇನಾ?"

"ನನ್ನ ಮಮ್ಮಗಳಂಥಾ ಹುಡುಗಿ ಲಗ್ನಾ ಮುರೀತೈತಿ ಅಂತ ಗೊತ್ತಿದ್ದೂ ಹೇಳೇನಿ ಅಂದ್ರ ಸುಳ್ಳ ಹೇಳ್ತೇನೇನು?"

ಅವರು ಹುಣಸೇಮರದ ತನಕ ಓಡಿ, ತಿರುಗಿ, ಗನ್ನು ಗುರಿಯಿಟ್ಟು ಒತ್ತಿದರು. ಕಾರು ಕಿರುಚಿತು. ಬಿಟ್ಟರು. ನಿಂತಿತು. ಮತ್ತೆ ಒತ್ತಿದರು. ಮತ್ತೆ ಕಿರುಚಿತು. ಐವತ್ತು ದಾಟಿದ ಆ ದೊಡ್ಡ ಮನುಷ್ಯರು ರಸ್ತೆಯ ನಡುವೆ ನಿಂತು ಟೋಪಿ ತೆಗೆದು ಕಣ್ಣು ಒರೆಸಿಕೊಂಡರು.

"ಜೀವ ಐತ್ರಿ ಇದಕ್ಕ. ಜೀವ ಐತಿ!" ಎಂದರು. "ನಾಕ್ ತಿಂಗಳಾತು, ಒಂದು ನಂಬರ್ ತೋರಿಸವಲ್ದು. ಶಿವಲಿಂಗಪ್ಪ ಹೊಸಾ ಗನ್ ಕೆಡಿಸ್ಯಾನ ಅಂತ ಸ್ಟೇಷನ್ ತುಂಬಾ ನಗ್ತಾರ. ಇವತ್ತ ಸಂಜಿತನಾ ಒಂದರ ಕೇಸ್ ಹಿಡೀಲಿಲ್ಲಂದ್ರ ಗನ್ ಕಸಗೊಂಡು ಜೋಯಿಡಾದ ಅಡವಿಗೆ ವರ್ಗಾ ಮಾಡ್ತೇನಿ ಅಂದಾರ ಸಾಹೇಬ್ರು. ಈ ಕಪ್ಪುಚುಕ್ಕಿ ಹೋಗೂತನಾ ಮನ್ಯಾಗ ಲಗ್ನದ ಮಾತ ಬ್ಯಾಡ ಅಂತ ನಿನ್ನಿನ ಹೇಳೇನಿ ನಾನು."

ಅಂದರೆ ನಾವು ಒದರಿಸದೆ ಹೋಗಿದ್ದರೂ ಅಲ್ಲಿ ಮಾತು ಮುಂದುವರಿಯುತ್ತಿರಲಿಲ್ಲ. ಸಾತಪ್ಪ ಸ್ಟೇರಿಂಗಿನಿಂದ ಹಣೆ ಎತ್ತಿದ.

"ಮತ್ತ ಬೆಳಕು ಬರಾಕತ್ತೇತಿ, ನಂಬರ್ ಯಾಕ ಬರವಲ್ದರಿ?" ಎಂದ.

ನಾನು ಗನ್ನಿನ ಬ್ಯಾಟರಿ ತೆಗೆದು ಪ್ಯಾಂಟಿಗೆ ಉಜ್ಜಿ ಹಾಕಿದರೆ ಸರಿಹೋಗಬಹುದೆಂದೆ. ಅದು ರಿಮೋಟಿನಿಂದ ಬಂದ ಅನುಭವ. ಅಷ್ಟರಲ್ಲಿ ಸಿದ್ದಕ್ಕ ಸೆರಗು ಸರಿಸಿ ಕೆಳಗಿಳಿದು ಗನ್ನಿನ ಮುಖವನ್ನೇ ನೋಡುತ್ತಾ ನಿಂತಳು.

"ಇದಕ್ಕ ಖಂಡೇಪೂಜಿ ಮಾಡೀರೇನ್ರಿ ಅಣ್ಣಾರ?"

"ಮಾಡಲಾರದ ಬಿಡ್ತೇವೇನ್ರಿ? ದಸರಾದಾಗ ಖಂಡೇನವಮಿಗೆ ಸ್ಟೇಷನ್ನಿನ್ಯಾಗಿನ ಬಂದೂಕು, ಲಾಠಿ, ಜೀಪು, ಎಲ್ಲಾದಕ್ಕೂ ಹಚ್ಚೇವಿ. ಇದು ಹೊಸಾದು, ಅದಕ್ಕ ಒಂದ್ ಕೈ ಜಾಸ್ತೀನ ಹಚ್ಚೇನಿ."

ಜಾಸ್ತಿಯೇ ಆಗಿತ್ತು. ಗನ್ನಿನ ಕೆಳಗಿನ ಕಣ್ಣಿಗೆ ಬರೇ ಒಂದು ಕುಂಕುಮದ ಬೊಟ್ಟು. ಮೇಲಿನ ಕಣ್ಣಿಗೆ ಮಾತ್ರ ಗೋಡೆಗೆ ಬಳಿದ ಹಾಗೆ ವಿಭೂತಿ. ಸರಕಾರಿ ಮಾಲು, ಅದರಲ್ಲೂ ಪೂಜೆಯ ಗುರುತು, ಒರೆಸಿದರೆ ಏನಾದರೂ ಆದೀತೆಂದು ಯಾರೂ ಕೈ ಹಚ್ಚಿರಲಿಲ್ಲ.

"ನಾನೂ ಶುಕ್ರವಾರ ನಮ್ಮ ಮಷಿನ್ನಿನ ಕಣ್ಣಿಗೆ ವಿಭೂತಿ ಹಚ್ಚಿದ್ನಿರಿ" ಎಂದಳು ಸಿದ್ದಕ್ಕ ಮೆಲ್ಲಗೆ. "ಗಪ್ಪಾತು. ಇವರು ವೈರಿನಿಂದ ಆತು ಅಂತ ಕುಣದ್ರು. ಇವತ್ತ ಮುಂಜಾನೆ ತೊಳದ್ನಿ. ಒದರಾಕತ್ತು. ಬೆಳಕು ಬಿಡೂ ಕಣ್ಣ ಒಂದ, ಮರಳಿ ಬಂದದ್ದ ಹಿಡಿಯೂ ಕಣ್ಣ ಇನ್ನೊಂದ ಇರಬೇಕು. ಆ ಕಣ್ಣ ಮುಚ್ಚಿದ್ರ ಅದರ ಹೆಂಗ ನೋಡೀತು?"

ನಾನೂ ಸಾತಪ್ಪನೂ ಬಸವಣ್ಣನ ಕೊರಳಿನ ವೈರನ್ನು ನೋಡಿದೆವು. ಚಪ್ಪಾಳೆ ನೆನಪಾಯಿತು. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಸಿದ್ದಕ್ಕ ಗನ್ನಿಗೆ ಕೈ ಮುಗಿದು, ಸೆರಗಿನ ತುದಿಗೆ ಕಾರಿನಲ್ಲಿದ್ದ ಬಾಟಲಿಯ ನೀರು ಹಾಕಿ, ಕೂಸಿನ ಕಣ್ಣಿನ ಪಿಸುರು ತೆಗೆಯುವಂತೆ ಎರಡೂ ಕಣ್ಣು ಒರೆಸಿದಳು. ಈಗ ಗನ್ನು ಅಳೆಯುವುದಕ್ಕೆ ಓಡುವ ಗಾಡಿಯೊಂದು ಬೇಕಿತ್ತು. ಭಾನುವಾರದ ರಸ್ತೆಯಲ್ಲಿ ಎಮ್ಮೆಗಳ ಹೊರತು ಯಾರೂ ಇರಲಿಲ್ಲ. ಹವಾಲ್ದಾರರು ಸಾತಪ್ಪನ ಕಡೆ ತಿರುಗಿದರು. ಅವರ ದನಿ ತಗ್ಗಿತು.

"ಬೀಗರ, ಒಂದು ಮಾತು. ಕಾಯ್ದೇ ಮುರೀರಿ ಅಂತ ನಾ ಹೇಳೂದಿಲ್ಲ. ಹೇಳಬಾರದು. ಆದ್ರ ನೀವು ಹಿಂದಕ್ಕ ಹೋಗಿ, ಈ ಬೋರ್ಡ್ ದಾಟಿ ಜೋರ ಬಂದ್ರ, ನಾ ಬಿಡಾಂವ ಅಲ್ಲ."

ಸಾತಪ್ಪನ ಬಾಳಿನಲ್ಲಿ ಅಂಥ ಗಳಿಗೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ. ಕಾರನ್ನು ಹಿಂದೆ ಒಯ್ದು ತಿರುಗಿಸಿದ. ಇಳಿಯಿರೆಂದರೆ ಮಾಲವ್ವಾಯಿ ಇಳಿಯಲಿಲ್ಲ. ನಾನು ಇಳಿಯಬೇಕೆಂದಿದ್ದೆ, ಅಷ್ಟರಲ್ಲಿ ಕಾರು ಬಿಟ್ಟಿತ್ತು. ಒಂದನೇ ಗೇರು, ಎರಡು, ಮೂರು.

"ಇಪ್ಪತ್ನಾಕು!" ಎಂದೆ ನಾನು ಮುಳ್ಳು ನೋಡಿ.

"ಹೊಡಿಯೋ ಸಾತ್ಯಾ, ಹುಡುಗಿ ಲಗ್ನಾ ಐತಿ!" ಎಂದು ಮಾಲವ್ವಾಯಿ ಹಿಂದಿನಿಂದ ಅವನ ಸೀಟಿಗೆ ಕೋಲಿನಿಂದ ಬಾರಿಸಿದಳು.

ಸಾತಪ್ಪ ಕಣ್ಣು ಮುಚ್ಚಿ ನಾಲ್ಕನೇ ಗೇರು ಹಾಕಿದ. ಗೇರಿಗೂ ಅದು ಹೊಸ ಅನುಭವ, ಒಂದು ಸಲ ನರಳಿತು. ಬೋರ್ಡು ದಾಟಿತು. ಕಾರು ಕಿರುಚಿತು, ಮಾಲವ್ವಾಯಿ ಕಿರುಚಿದಳು, ನಾನು ಕಿರುಚಿದೆನೆಂದು ಉಳಿದವರು ಹೇಳುತ್ತಾರೆ. ಅದನ್ನು ನಾನು ಒಪ್ಪಿಲ್ಲ. ಮರದ ಬುಡದಲ್ಲಿ ಹವಾಲ್ದಾರರು ಗನ್ನನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಕುಣಿಯುತ್ತಿದ್ದರು.

"ಮೂವತ್ನಾಕು! ಮೂವತ್ನಾಕು ಬಂತ್ರೋ!"

ಸಾತಪ್ಪ ಇಳಿದು ಬಂದ. ಶಿವಲಿಂಗಪ್ಪನವರು ಅವನನ್ನು ಮೊದಲು ಬಿಗಿಯಾಗಿ ಅಪ್ಪಿಕೊಂಡರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಟೋಪಿ ಸರಿ ಮಾಡಿಕೊಂಡು, "ಲೈಸೆನ್ಸ್ ತೋರಸ್ರಿ" ಎಂದರು. ತಾಲೂಕಿನ ಮೊದಲ ಲೇಸರ್ ಗನ್ ಕೇಸಿನ ದಂಡದ ಪಾವತಿ ಚೀಟಿಯನ್ನು ಬರೆದು, ಅದರ ಮೂಲೆಗೆ ಸಿದ್ದಕ್ಕನ ಕೈಯಿಂದ ಒಂದಿಷ್ಟು ಕುಂಕುಮ ಹಚ್ಚಿಸಿ ಬೀಗರ ಕೈಗೆ ಕೊಟ್ಟರು. ಸಾತಪ್ಪ ಅದನ್ನು ಕಣ್ಣಿಗೊತ್ತಿಕೊಂಡ.

ಮಾತುಕತೆ ಮನೆಯಲ್ಲಿ ಬೇಗನೇ ಮುಗಿಯಿತು. ಕೊನೆಗೆ ಹವಾಲ್ದಾರರು ಕೆಮ್ಮಿ, "ಆ ಮಷಿನ್ ಮಾತ್ರ ನನಗ ಬೇಕು. ದಿನಾ ಮುಂಜಾನೆ ಗನ್ ಪರೀಕ್ಷಾ ಮಾಡಾಕ" ಎಂದರು.

"ಅಯ್ಯ, ವರದಕ್ಷಿಣಿ ತಗೊಳ್ಳೂದಿಲ್ಲ ಅಂದಿದ್ರೆಲ್ಲೋ ಯಪ್ಪಾ?" ಎಂದಳು ಮಾಲವ್ವಾಯಿ.

"ವರದಕ್ಷಿಣಿ ತಗೊಳ್ಳೂದು ಗುನ್ನೆ ಆಯಿ. ಇದು ಜಪ್ತಿ."

ಮಧುಮತಿಯ ಲಗ್ನ ಆ ವೈಶಾಖದಲ್ಲೇ ಆಯಿತು. ಸಾತಪ್ಪನ ಮನೆಯ ಗೋಡೆಯ ಮೇಲೆ ಮಗಳು ಅಳಿಯನ ಫೋಟೋದ ಪಕ್ಕ ಆ ಪಾವತಿಯೂ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಬಂದವರಿಗೆಲ್ಲ ಅವನು ಮೊದಲು ತೋರಿಸುವುದು ಅದನ್ನೇ. ಸ್ಟೇಷನ್ನಿನ ಮೆಕ್ಯಾನಿಕ್ ಕೆಂಪು ವೈರಿನ ಗಂಟು ಬಿಡಿಸಿ ಯಂತ್ರ ಬಿಚ್ಚಿಕೊಂಡು ಹೋದಾಗ ಹಸಿರು ವೈರು ಮಾತ್ರ ಬಸವಣ್ಣನ ಕೊರಳಲ್ಲೇ ಉಳಿಯಿತು. ಕಟ್ಟಿದ್ದನ್ನು ಬಿಚ್ಚಬಾರದೆಂದು ಸಿದ್ದಕ್ಕ ಬಿಡಲಿಲ್ಲ.

ಮುಂದಿನ ಖಂಡೇನವಮಿಯ ದಿನ ಬೆಳಿಗ್ಗೆ ಅವರ ಮನೆಗೆ ಹಳಿಯಾಳದಿಂದ ಫೋನ್ ಬಂತು. ಸಾತಪ್ಪ ಎತ್ತಿದರೆ, ನೀವು ಬೇಡ, ನಿಮ್ಮ ಮನೆಯವರಿಗೆ ಕೊಡಿ ಎಂದರಂತೆ. ಅರಿಶಿನದ ಕೈಯಲ್ಲೇ ಸಿದ್ದಕ್ಕ ಬಂದು ಫೋನ್ ಹಿಡಿದಳು.

"ಬೀಗತೇರ, ಸ್ಟೇಷನ್ನಿನ್ಯಾಗ ಎಲ್ಲಾರೂ ವಿಭೂತಿ ಹಿಡಕೊಂಡು ನಿಂತೇವ್ರಿ. ಗನ್ನಿಗೆ ಎಲ್ಲೆ ಹಚ್ಚೂಣು?"

"ಹಿಡಿಕಿಗೆ ಹಚ್ಚರಿ ಅಣ್ಣಾರ" ಎಂದಳು ಸಿದ್ದಕ್ಕ. "ಕಣ್ಣ ಬಿಟ್ಟು."